ಜಮಖಂಡಿಯ ಕಿತ್ತಳೆ ಗೆರೆ, ಬೇಕಲದ ಹಸಿರು ಬಳೆ

1868ರ ಆಗಸ್ಟ್ 18, ಮಂಗಳವಾರ. ಜಮಖಂಡಿಯಲ್ಲಿ ಬೆಳಗಿನಿಂದಲೂ ಮೋಡ. ಶ್ರಾವಣದ ಆಸುಪಾಸಿನಲ್ಲಿ ಗ್ರಹಣ ನೋಡಲು ಕೂತವರಿಗೆ ಇನ್ನೇನು ಸಿಕ್ಕೀತು? ರಾಯಲ್ ಎಂಜಿನಿಯರ್ಸ್ ದಳದ ಲೆಫ್ಟಿನೆಂಟ್ ಜಾನ್ ಹರ್ಷೆಲ್ ದುರ್ಬೀನಿಗೆ, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರುವ ರೋಹಿತದರ್ಶಕವನ್ನು ಜೋಡಿಸಿಕೊಂಡು, ಮೋಡ ಎಲ್ಲಿ ಹರಿದೀತು ಎಂದು ಕಾಯುತ್ತಿದ್ದ. ಇನ್ನೂ ಮೂವತ್ತರ ಪ್ರಾಯ. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ ಅವನ ಅಜ್ಜ; ಅಪ್ಪನೂ ಹೆಸರಾಂತ ಖಗೋಳ ವಿಜ್ಞಾನಿ. ಮೊಮ್ಮಗನ ನೌಕರಿ ಮಾತ್ರ ಭಾರತದ ನೆಲ ಅಳೆಯುವ ಮಹಾ ತ್ರಿಕೋನಮಿತಿ ಸರ್ವೆಯಲ್ಲಿ. ಲಂಡನ್ನಿನ ರಾಯಲ್ ಸೊಸೈಟಿ ಉಪಕರಣ ಕಳಿಸಿ, ಗ್ರಹಣದ ಕೆಲಸವನ್ನು ಅವನಿಗೆ ಒಪ್ಪಿಸಿತ್ತು.

ಸೂರ್ಯ ಪೂರ್ತಿ ಮರೆಯಾದ ಮೇಲೂ ಮೋಡ ಜಪ್ಪಯ್ಯ ಅನ್ನಲಿಲ್ಲ. ಅಷ್ಟರಲ್ಲಿ ಒಂದು ಸಣ್ಣ ಬಿರುಕು ಬಿತ್ತು. ಚಂದ್ರನ ಕರಿ ಅಂಚಿನಾಚೆ ಚಾಚಿಕೊಂಡಿದ್ದ ಕೆಂಪು ಜ್ವಾಲೆಯೊಂದರ ಮೇಲೆ ಹರ್ಷೆಲ್ ತನ್ನ ಉಪಕರಣದ ಸೀಳುಗಂಡಿಯನ್ನು ತಂದು ನಿಲ್ಲಿಸಿದ. ಕಣ್ಣಿಗೆ ಬಿದ್ದದ್ದು ಮೂರೇ ಗೆರೆ: ಕೆಂಪು, ಕಿತ್ತಳೆ, ನೀಲಿ. ಬಣ್ಣಗಳ ಅಖಂಡ ಪಟ್ಟಿಯ ಸುಳಿವೇ ಇಲ್ಲ. ಹಾಗಿದ್ದರೆ ಆ ಜ್ವಾಲೆ ಕಾದು ಬೆಳಗುವ ಅನಿಲ. ಸೂರ್ಯನ ಆ ಕೆಂಪು ನಾಲಿಗೆಗಳು ಏನೆಂಬ ಹಳೆಯ ಜಗಳ ಅಲ್ಲಿಗೆ ಮುಗಿಯಿತು. ಕೆಂಪು ಮತ್ತು ನೀಲಿ ಗೆರೆಗಳು ಜಲಜನಕದವು. ಕಿತ್ತಳೆ ಗೆರೆಯನ್ನೂ ಅವನು ಅವಸರದಲ್ಲೇ ಅಳೆದ. ಅದು ಸೋಡಿಯಂನ ‘ಡಿ’ ಗೆರೆಯೇ ಸರಿ, ತನ್ನ ಉಪಕರಣ ಹೇಳಬಲ್ಲಷ್ಟರ ಮಟ್ಟಿಗೆ ಅನುಮಾನವಿಲ್ಲ ಎಂದು ವರದಿ ಬರೆದ.

ಬಿಜಾಪುರದಲ್ಲಿ ಕ್ಯಾಪ್ಟನ್ ಹೇಗ್ ಕೂಡ ರೋಹಿತದರ್ಶಕ ಹಿಡಿದು ನಿಂತಿದ್ದ. ಅವನಿಗೆ ಕಂಡದ್ದು ಬೆಳಗುವ ಎರಡು ಪಟ್ಟಿ, ಒಂದು ಗುಲಾಬಿ, ಇನ್ನೊಂದು ಹೊಂಬಣ್ಣ. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಇದ್ದ. ಗ್ರಹಣವಿಲ್ಲದೆಯೂ ಆ ಗೆರೆಗಳನ್ನು ನೋಡುವ ಉಪಾಯ ಅವನಿಗೆ ಹೊಳೆಯಿತು, ಮರುದಿನವೇ ನೋಡಿಯೂ ಬಿಟ್ಟ. ಮಚಲೀಪಟ್ಟಣದಲ್ಲಿ ಮದ್ರಾಸ್ ವೀಕ್ಷಣಾಲಯದ ಪಾಗ್ಸನ್ ಇದ್ದ. ಪುಸ್ತಕಗಳು ಗುಂಟೂರನ್ನು ನೆನೆದು ಜಮಖಂಡಿ, ಬಿಜಾಪುರಗಳನ್ನು ಬಿಟ್ಟುಬಿಡುವುದು ರೂಢಿ. ಅದು ನ್ಯಾಯವಲ್ಲ. ಆ ಬೆಳಗ್ಗೆ ಹೀಲಿಯಂ ಎಂಬ ಧಾತುವಿನ ಬೆಳಕು ಕನ್ನಡದ ನೆಲದಲ್ಲಿ ಕನಿಷ್ಠ ಇಬ್ಬರ ಕಣ್ಣಿಗೆ ಬಿದ್ದಿತ್ತು, ಇಬ್ಬರಿಗೂ ಅದೇನೆಂದು ಗೊತ್ತಿರಲಿಲ್ಲ.

ಗೊತ್ತಾಗುವಂತೆಯೂ ಇರಲಿಲ್ಲ. ಬಿಸಿಲಿನ ರೋಹಿತದಲ್ಲಿರುವ ಕರಿ ಗೆರೆಗಳಿಗೆ ಜರ್ಮನಿಯ ಫ್ರೌನ್‌ಹೋಫರ್ 1814ರ ಹೊತ್ತಿಗೇ ಎ, ಬಿ, ಸಿ, ಡಿ ಎಂದು ಅಕ್ಷರ ಹಚ್ಚಿದ್ದ. 1859ರಲ್ಲಿ ಹೈಡೆಲ್‌ಬರ್ಗ್‌ನ ಬುನ್ಸೆನ್ ಮತ್ತು ಕಿರ್ಕಾಫ್, ಪ್ರತಿ ಧಾತುವಿಗೂ ಅದರದೇ ಗೆರೆಗಳಿವೆ ಎಂದು ತೋರಿಸಿದರು. ಉಪ್ಪನ್ನು ಉರಿಗೆ ಚೆಲ್ಲಿದರೆ ಹಳದಿಯಲ್ಲಿ ಎರಡು ಗೆರೆ, ಸೋಡಿಯಂ ಎಂದು ತೀರ್ಪು. ಆದರೆ ಸೋಡಿಯಂ ಯಾಕೆ ಅಲ್ಲೇ ಬೆಳಗಬೇಕು? ಎರಡೇ ಗೆರೆ ಯಾಕೆ? ಎಲೆಕ್ಟ್ರಾನ್ ಎಂಬ ಕಣ ಇದೆಯೆಂದು ಜೆ.ಜೆ. ಥಾಮ್ಸನ್ ತೋರಿಸಿದ್ದು 1897ರಲ್ಲಿ. ಅಲ್ಲಿಯವರೆಗೆ ರೋಹಿತ ಓದುವವರು ಅಂಗಡಿಯ ಸಾಮಾನು ಗೊತ್ತಿಲ್ಲದೆ ಬರೀ ಬೀಗದ ನಂಬರು ಬರೆದುಕೊಂಡವರು.

ಗ್ರಹಣವಾದ 1868ರಲ್ಲೇ, ಅಕ್ಟೋಬರ್ 20ರಂದು, ಲಂಡನ್ನಿನಲ್ಲಿ ನಾರ್ಮನ್ ಲಾಕ್ಯರ್ ಎಂಬ ಯುದ್ಧ ಇಲಾಖೆಯ ಗುಮಾಸ್ತ, ಗ್ರಹಣದ ಹಂಗಿಲ್ಲದೆ ಸೂರ್ಯನ ಅಂಚನ್ನು ತನ್ನ ಉಪಕರಣದಲ್ಲಿ ನೋಡಿದ. ಕಿತ್ತಳೆ ಗೆರೆ ಸೋಡಿಯಂನ ಜೋಡಿ ಗೆರೆಗಳ ಪಕ್ಕದಲ್ಲಿತ್ತು, ಮೇಲೆ ಅಲ್ಲ. ಸೋಡಿಯಂನವು 589.0 ಮತ್ತು 589.6 ನ್ಯಾನೋಮೀಟರ್, ಇದು 587.6. ಒಂದೂವರೆ ನ್ಯಾನೋಮೀಟರಿಗೂ ಕಡಿಮೆಯಾದ ಈ ಸಂದಿನಲ್ಲಿ ಒಂದು ಧಾತು ಅಡಗಿತ್ತು. ಗೆರೆಗೆ ‘ಡಿ3’ ಎಂಬ ಹೆಸರು ಬಿತ್ತು, ಧಾತುವಿಗೆ ಹೀಲಿಯಂ ಎಂದು. ಭೂಮಿಯ ಮೇಲೆ ಅದು ವಿಲಿಯಂ ರ‍್ಯಾಮ್ಸೆ ಕೈಗೆ ಸಿಕ್ಕಿದ್ದು 1895ರಲ್ಲಿ, ಯುರೇನಿಯಂ ಇರುವ ಒಂದು ಖನಿಜವನ್ನು ಆಮ್ಲದಲ್ಲಿ ಕರಗಿಸಿದಾಗ.

ಇಂದು ಪಿಯುಸಿ ಓದುವ ಹುಡುಗಿಗೂ ಹೀಲಿಯಂನಲ್ಲಿ ಎರಡೇ ಎಲೆಕ್ಟ್ರಾನ್ ಎಂದು ಗೊತ್ತು. ಸಹಜ ಸ್ಥಿತಿಯಲ್ಲಿ ಎರಡೂ 1ಎಸ್ ಎಂಬ ಒಂದೇ ಆರ್ಬಿಟಲ್‌ನಲ್ಲಿ. ಸೂರ್ಯನ ಜ್ವಾಲೆಯಲ್ಲಿ ಒಂದು ಎಲೆಕ್ಟ್ರಾನ್ 1ಎಸ್‌ನಲ್ಲೇ ಉಳಿದು, ಇನ್ನೊಂದು ಮೇಲಿನ 3ಡಿ ಆರ್ಬಿಟಲ್‌ಗೆ ಏರಿ, ಅಲ್ಲಿಂದ 2ಪಿ ಆರ್ಬಿಟಲ್‌ಗೆ ಇಳಿಯುವಾಗ ಹೊರಬೀಳುವ ಬೆಳಕೇ ಡಿ3. ಜಮಖಂಡಿಯ ಮೋಡದ ಬಿರುಕಿನಲ್ಲಿ ಹರ್ಷೆಲ್ ಕಂಡದ್ದು ಆ ಇಳಿತವನ್ನು.

ಇಲ್ಲೊಂದು ಮಾತು ಹೇಳಿಬಿಡಬೇಕು. ಮಹಾರಾಷ್ಟ್ರದ ವಿಜಯದುರ್ಗ ಕೋಟೆಯಲ್ಲಿ ಲಾಕ್ಯರ್ 1868ರಲ್ಲಿ ಹೀಲಿಯಂ ಕಂಡುಹಿಡಿದನೆಂದು ಪ್ರವಾಸಿಗರಿಗೆ ಹೇಳುವುದುಂಟು. 1868ರಲ್ಲಿ ಲಾಕ್ಯರ್ ಭಾರತಕ್ಕೆ ಬಂದೇ ಇರಲಿಲ್ಲ. ವಿಜಯದುರ್ಗಕ್ಕೆ ಬಂದದ್ದು 1898ರಲ್ಲಿ. ಅದಕ್ಕೂ ಮುಂಚೆ ಅವನು ಭಾರತದಲ್ಲಿ ಗ್ರಹಣ ನೋಡಿದ್ದು ಬೇಕಲದಲ್ಲಿ.

1871ರ ಡಿಸೆಂಬರ್ 12, ಅದೂ ಮಂಗಳವಾರವೇ. ಬೇಕಲ ಈಗ ಕೇರಳದ ಕಾಸರಗೋಡು ಜಿಲ್ಲೆ. ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ. ಕೆಳದಿಯ ಶಿವಪ್ಪನಾಯಕನ ಕಾಲದ ಕೋಟೆ, ಮೂರು ದಿಕ್ಕಿಗೆ ಸಮುದ್ರ. ಲಾಕ್ಯರ್ ಈಗ ಬರೀ ಗುಮಾಸ್ತನಲ್ಲ. ಎರಡು ವರ್ಷದ ಹಿಂದೆ ‘ನೇಚರ್’ ಪತ್ರಿಕೆಯನ್ನು ಶುರುಮಾಡಿದ ಸಂಪಾದಕ, ಬ್ರಿಟಿಷ್ ಅಸೋಸಿಯೇಷನ್ ಕಳಿಸಿದ ಗ್ರಹಣ ತಂಡದ ಯಜಮಾನ. ಶ್ರೀಲಂಕೆಯ ಗಾಲ್ ಬಂದರಿನವರೆಗೆ ಪ್ರಯಾಣಿಕರ ಹಡಗು, ಅಲ್ಲಿಂದ ಬೇಕಲಕ್ಕೆ ನೌಕಾಪಡೆಯ ಹಡಗು. ಕೋಟೆಯ ಬುರುಜಿನ ಮೇಲೆ ದುರ್ಬೀನುಗಳು ಸಾಲಾಗಿ ನಿಂತವು.

ಗ್ರಹಣ ಹಿಡಿಯುತ್ತಿದ್ದಂತೆ ಸುತ್ತಲಿನ ಜನ ರಾಹುವಿನ ಕಾಟ ತಪ್ಪಲೆಂದು ಬೆಂಕಿ ಹಾಕತೊಡಗಿದರು. ಹೊಗೆ ಬುರುಜಿನ ಕಡೆಗೇ ಬರುವ ಲಕ್ಷಣ. ಪೊಲೀಸರು ಓಡಿಹೋಗಿ ಬೆಂಕಿ ಆರಿಸಿದರು. ಊರಿನವರಿಗೆ ಸೂರ್ಯ ಉಳಿಯಬೇಕಿತ್ತು, ಸಾಹೇಬರಿಗೆ ಎರಡು ನಿಮಿಷದ ಆಸುಪಾಸಿನ ಕತ್ತಲು ಕೆಡದೆ ಸಿಗಬೇಕಿತ್ತು. ಯಾರಿಗೆ ಹೆಚ್ಚು ಆತಂಕವಿತ್ತೆಂದು ಹೇಳುವುದು ಕಷ್ಟ.

ಲಾಕ್ಯರ್ ಈ ಸಲ ಒಂದು ಜಾಣತನ ಮಾಡಿದ್ದ. ಸೀಳುಗಂಡಿಯನ್ನೇ ತೆಗೆದುಹಾಕಿ, ಪ್ರಿಸಂಗಳ ಸಾಲಿನ ಮೂಲಕ ಇಡೀ ಸೂರ್ಯನನ್ನು ನೋಡಿದ. ಸೀಳುಗಂಡಿ ಇದ್ದರೆ ಬಣ್ಣವೆಲ್ಲ ಗೆರೆಯಾಗಿ ಕಾಣುತ್ತದೆ. ಇಲ್ಲದಿದ್ದರೆ ಹೊಳೆಯುವ ವಸ್ತುವಿನ ಆಕಾರದಲ್ಲೇ ಕಾಣುತ್ತದೆ. ಸೂರ್ಯನ ಸುತ್ತಲಿನ ಅನಿಲದ ಪ್ರತಿ ಬಣ್ಣವೂ ಒಂದೊಂದು ಬಳೆಯಾಗಿ ಬಿಡಿಬಿಡಿಯಾಯಿತು. ಕೆಂಪು, ನೀಲಿ ಮತ್ತು ನೇರಳೆಯ ಬಳೆಗಳು ಜಲಜನಕದವು. ಇನ್ನೊಂದು ಹಸಿರು ಬಳೆ. ಅದು ಜ್ವಾಲೆಗಳದ್ದಲ್ಲ, ಅವುಗಳಾಚೆ ಹಬ್ಬಿದ, ಖಗ್ರಾಸದಲ್ಲಿ ಮಾತ್ರ ಕಾಣುವ ಬೆಳ್ಳಿಬಣ್ಣದ ಕರೋನಾದ್ದು. ಎರಡು ವರ್ಷದ ಹಿಂದೆ, 1869ರ ಆಗಸ್ಟ್ 7ರ ಗ್ರಹಣದಲ್ಲಿ ಅಮೆರಿಕದ ಯಂಗ್ ಮತ್ತು ಹಾರ್ಕ್‌ನೆಸ್ ಅದನ್ನು ಗೆರೆಯಾಗಿ ಕಂಡಿದ್ದರು. ಬೇಕಲದಲ್ಲಿ ಅದರ ಮೈಯೇ ಕಂಡಿತು. ಅದೇ ಬೆಳಗ್ಗೆ ಪುದುಕ್ಕೋಟೆಯಲ್ಲಿ ಇಟಲಿಯ ರೆಸ್ಪಿಗಿ ಕೂಡ ಇದೇ ಉಪಾಯದಿಂದ ಹಸಿರು ಬಳೆಯನ್ನು ನೋಡಿದ.

ಆ ಹೊತ್ತಿಗೆ ಘಟ್ಟದ ಮೇಲೆ, ಆಗ ಮಂಜರಾಬಾದ್ ಎನಿಸಿದ್ದ ತಾಲ್ಲೂಕಿನ ಹಾನುಬಾಳಿನಲ್ಲಿ, ಸೂರ್ಯ ಪೂರ್ತಿ ಮುಚ್ಚಲಿಲ್ಲ. ಬೇಕಲಕ್ಕೂ ಹಾನುಬಾಳಿಗೂ ನೇರ ಗೆರೆ ಎಳೆದರೆ ನೂರು ಕಿಲೋಮೀಟರಿನ ಆಚೀಚೆ. ಆದರೆ ಖಗ್ರಾಸದ ಪಟ್ಟಿ ಬೇಕಲದಿಂದ ಆಗ್ನೇಯಕ್ಕೆ ಹೊರಳಿ ಮಾನಂದವಾಡಿ, ನೀಲಗಿರಿಯ ಹಾದಿ ಹಿಡಿಯಿತು. ಸೂರ್ಯ ಬಹುಪಾಲು ಮುಚ್ಚಿತಲ್ಲ ಎಂದರೆ, ಗ್ರಹಣದ ವಿಷಯದಲ್ಲಿ ‘ಬಹುಪಾಲು’ ಎಂಬುದಕ್ಕೆ ಕಿಮ್ಮತ್ತಿಲ್ಲ. ಕರೋನಾದ ಬೆಳಕು ಸೂರ್ಯನ ಬೆಳಕಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ನೂರಕ್ಕೆ ತೊಂಬತ್ತೆಂಟು ಮುಚ್ಚಿದರೂ ಉಳಿದ ಎರಡು ಪಾಲು ಬಿಸಿಲು ಅದನ್ನು ನುಂಗಿಬಿಡುತ್ತದೆ. 1868, 1871, ಮುಂದೆ 1980, ಮೂರು ಸಲವೂ ಹಾನುಬಾಳಿಗೆ ಪಾರ್ಶ್ವ ಗ್ರಹಣವೇ ಗತಿ.

ಹಸಿರು ಗೆರೆ ಯಾರದು? ಕಿರ್ಕಾಫ್‌ನ ನಕ್ಷೆಯಲ್ಲಿ ಅದು 1474 ಎಂಬ ಅಂಕದ ಬಳಿ ಬಿದ್ದಿತು. ಆ ಅಂಕದಲ್ಲಿ ಕಬ್ಬಿಣದ ಗೆರೆಯೊಂದಿತ್ತು. ಕಬ್ಬಿಣ ಎಂದು ಯಂಗ್ ಮೊದಲು ಹೇಳಿಯೂ ಆಯಿತು. ಆದರೆ ಕಬ್ಬಿಣಕ್ಕೆ ನೂರಾರು ಗೆರೆಗಳಿವೆ. ಮಿಕ್ಕವೆಲ್ಲ ಎಲ್ಲಿ ಹೋದವು? ಮೇಲಾಗಿ ಜಲಜನಕಕ್ಕಿಂತ ಎತ್ತರದಲ್ಲಿ ತೇಲುವ ಅನಿಲ ಜಲಜನಕಕ್ಕಿಂತ ಹಗುರವಿರಬೇಕಲ್ಲವೇ, ಕಬ್ಬಿಣದಂಥ ಭಾರದ್ದು ಅಲ್ಲಿಗೆ ಹೇಗೆ ಏರೀತು? ವಾದ ನೋಡಲು ಅಚ್ಚುಕಟ್ಟಾಗಿಯೇ ಇತ್ತು. 1898ರ ಜನವರಿ 22ರ ಗ್ರಹಣಕ್ಕೆ ಲಾಕ್ಯರ್ ತಂಡ ವಿಜಯದುರ್ಗಕ್ಕೆ ಬಂದು ಫೋಟೋ ತೆಗೆದು ಅಳೆದಾಗ ಗೆರೆ ಕಬ್ಬಿಣದ 1474ರಿಂದ ಸ್ಪಷ್ಟವಾಗಿ ದೂರ, 530.3 ನ್ಯಾನೋಮೀಟರಿನಲ್ಲಿ ಇರುವುದು ಖಚಿತವಾಯಿತು. ಕಬ್ಬಿಣದ ಹೆಸರು ಕಡತದಿಂದ ಹೊರಬಿತ್ತು.

ಹೀಗಾಗಿ ‘ಕೊರೋನಿಯಂ’ ಎಂಬ ಹೊಸ ಧಾತುವಿದೆ ಎಂಬ ಊಹೆಗೆ ಬಲ ಬಂತು. ಹೀಲಿಯಂನ ಉದಾಹರಣೆ ಕಣ್ಣಮುಂದೆಯೇ ಇತ್ತು: ಮೊದಲು ಸೂರ್ಯನಲ್ಲಿ, ಆಮೇಲೆ ಭೂಮಿಯಲ್ಲಿ. ಆವರ್ತಕ ಕೋಷ್ಟಕದ ಜನಕ ಮೆಂಡೆಲೀಫ್ ಕೂಡ ಮುಪ್ಪಿನಲ್ಲಿ ಈ ಬಲೆಗೆ ಬಿದ್ದ. 1904ರ ಹೊತ್ತಿಗೆ ಅವನು ಜಲಜನಕಕ್ಕಿಂತ ಹಗುರವಾದ, ಪರಮಾಣು ತೂಕ ಸುಮಾರು 0.4ರ ಧಾತುವೊಂದನ್ನು ಊಹಿಸಿ, ಅದು ಕೊರೋನಿಯಂ ಇದ್ದೀತು ಎಂದ. ಕೋಷ್ಟಕದಲ್ಲಿ ಖಾಲಿ ಮನೆ ಬಿಟ್ಟು ಬರಲಿರುವ ಧಾತುಗಳನ್ನು ಕರಾರುವಾಕ್ಕಾಗಿ ಹೇಳಿದ ಮನುಷ್ಯ ಇಲ್ಲಿ ಇಲ್ಲದ ಮನೆಯನ್ನೇ ಕಟ್ಟಿದ.

ಬಿಕ್ಕಟ್ಟು ಬಿಡಿಸಿದ್ದು ಆಕಾಶ ನೋಡುವವರಲ್ಲ, ಪರಮಾಣುವಿನ ಒಳಗೆ ಎಲೆಕ್ಟ್ರಾನ್‌ಗಳು ಹೇಗೆ ಕೂತಿವೆ ಎಂದು ಲೆಕ್ಕ ಹಾಕಿದವರು. ಆ ಲೆಕ್ಕಕ್ಕೂ ವಿಜಯದುರ್ಗಕ್ಕೂ ಒಂದು ನಂಟು ಇದೆ. 1898ರಲ್ಲಿ ಲಾಕ್ಯರ್ ಜೊತೆ ಬಂದಿದ್ದ ಆಲ್ಫ್ರೆಡ್ ಫೌಲರ್ 1912ರಲ್ಲಿ ತನ್ನ ಪ್ರಯೋಗಶಾಲೆಯ ನಳಿಕೆಯಲ್ಲಿ ಕೆಲವು ಹೊಸ ಗೆರೆಗಳನ್ನು ಕಂಡು, ಜಲಜನಕದ್ದೆಂದು ತಿಳಿದ. ಮರುವರ್ಷ ಡೆನ್ಮಾರ್ಕಿನ ನೀಲ್ಸ್ ಬೋರ್, ಇಪ್ಪತ್ತೇಳರ ಯುವಕ, ಅವು ಹೀಲಿಯಂನವು ಎಂದ. ಎರಡರಲ್ಲಿ ಒಂದು ಎಲೆಕ್ಟ್ರಾನ್ ಕಳೆದುಕೊಂಡ ಹೀಲಿಯಂ. ಹಾಗಿದ್ದರೆ ಶಕ್ತಿಗಳು ಜಲಜನಕದ ನಾಲ್ಕು ಪಟ್ಟು ಇರಬೇಕು, ಅಳತೆಯಲ್ಲಿ ಸ್ವಲ್ಪ ಹೆಚ್ಚು ಬರುತ್ತಿದೆಯಲ್ಲ ಎಂದು ಫೌಲರ್ ತಕರಾರು ಎತ್ತಿದ. ನ್ಯೂಕ್ಲಿಯಸ್ ಕೂಡ ಕೊಂಚ ಅಲುಗುತ್ತದೆ ಎಂಬುದನ್ನು ಸೇರಿಸಿ ಬೋರ್ ಲೆಕ್ಕ ಹಾಕಿದಾಗ 4.00163 ಬಂತು. ಅಳತೆಯೂ ಅದನ್ನೇ ಹೇಳುತ್ತಿತ್ತು. ಫೌಲರ್ ಒಪ್ಪಿದ. ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣು ಬೇರೆಯೇ ಧಾತುವಿನ ಹಾಗೆ ಬೆಳಗುತ್ತದೆ ಎಂಬ ಈ ಪಾಠವನ್ನು ಕರೋನಾದವರು ಆಗಲೇ ಕಿವಿಗೆ ಹಾಕಿಕೊಂಡಿದ್ದರೆ ಮೂವತ್ತು ವರ್ಷ ಉಳಿಯುತ್ತಿತ್ತೇನೋ.

ಆದರೆ ಬೋರ್‌ನ ಮಾದರಿಗೆ ಒಂದೇ ಎಲೆಕ್ಟ್ರಾನಿನ ಯೋಗ್ಯತೆ. ಎರಡು ಎಲೆಕ್ಟ್ರಾನಿನ ಹೀಲಿಯಂ ಬಂದರೇ ತಡವರಿಸುತ್ತಿತ್ತು. ಮುಂದಿನದೆಲ್ಲ ಹದಿಮೂರು ವರ್ಷದ ಗಡಿಬಿಡಿ. 1924ರಲ್ಲಿ ಇಂಗ್ಲೆಂಡಿನ ಸ್ಟೋನರ್, ಪರಮಾಣುವಿನ ಶಕ್ತಿಮಟ್ಟಗಳೆಂಬ ಚಿಪ್ಪುಗಳ ಒಳಗಿನ ಉಪಚಿಪ್ಪುಗಳಿಗೆ ಎಲೆಕ್ಟ್ರಾನ್ ಹಂಚಿದ. 1925ರಲ್ಲಿ ಪೌಲಿ, ಒಂದೇ ಪರಮಾಣುವಿನಲ್ಲಿ ಎರಡು ಎಲೆಕ್ಟ್ರಾನ್‌ಗಳ ಸ್ಥಿತಿಯನ್ನು ಹೇಳುವ ನಾಲ್ಕೂ ಕ್ವಾಂಟಂ ಸಂಖ್ಯೆಗಳು ಒಂದೇ ಆಗಿರಕೂಡದು ಎಂಬ ಕಟ್ಟುನಿಟ್ಟಿನ ನಿಯಮ ತಂದ. ಅದೇ ವರ್ಷ ಉಲೆನ್‌ಬೆಕ್ ಮತ್ತು ಗೌಡ್‌ಸ್ಮಿತ್ ಎಂಬ ಇಬ್ಬರು ಡಚ್ ತರುಣರು ಎಲೆಕ್ಟ್ರಾನಿಗೆ ಸ್ಪಿನ್ ಇದೆ ಎಂದರು. 1926ರಲ್ಲಿ ಶ್ರೋಡಿಂಗರ್ ಅಲೆಯ ಸಮೀಕರಣ ಬರೆದ. ಆ ಅಲೆ ಏನನ್ನು ಸೂಚಿಸುತ್ತದೆ ಎಂದು ಅದೇ ವರ್ಷ ಮ್ಯಾಕ್ಸ್ ಬಾರ್ನ್ ಹೇಳಿದ: ಎಲೆಕ್ಟ್ರಾನ್ ಎಲ್ಲಿ ಸಿಕ್ಕೀತು ಎಂಬ ಸಂಭವನೀಯತೆಯನ್ನು. ಆರ್ಬಿಟಲ್ ಎಂದರೆ ಎಲೆಕ್ಟ್ರಾನ್ ಸುತ್ತುವ ಹಾದಿಯಲ್ಲ, ಅದು ಸಿಗಬಹುದಾದ ಜಾಗದ ಹಂಚಿಕೆ ಎಂದು ಪಠ್ಯಪುಸ್ತಕ ಹೇಳುವುದು ಬಾರ್ನ್ ಕೃಪೆಯಿಂದ. ಎಸ್ ಮಾದರಿಗೆ ಒಂದು ಆರ್ಬಿಟಲ್, ಪಿ ಮಾದರಿಗೆ ಮೂರು, ಡಿ ಮಾದರಿಗೆ ಐದು. ಒಂದೊಂದರಲ್ಲಿ ಎರಡೇ ಎಲೆಕ್ಟ್ರಾನ್, ಅದೂ ಎದುರುಬದುರು ಸ್ಪಿನ್ ಇದ್ದರೆ.

ಈ ಬಾರ್ನ್ ಬೆಂಗಳೂರಿನಲ್ಲಿ ಸುಮಾರು ಆರು ತಿಂಗಳು ಇದ್ದ. ಹಿಟ್ಲರನ ಕಾನೂನು ಗೊಟ್ಟಿಂಗನ್‌ನಲ್ಲಿ ಯಹೂದಿ ಪ್ರಾಧ್ಯಾಪಕರ ಕೆಲಸ ಕಿತ್ತುಕೊಂಡಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಕರೆದರು, 1935ರ ಕೊನೆಯಿಂದ 1936ರವರೆಗೆ ಬಾರ್ನ್ ದಂಪತಿ ಇಲ್ಲಿ ಉಳಿದರು. ಖಾಯಂ ಹುದ್ದೆ ಕೊಟ್ಟು ಉಳಿಸಿಕೊಳ್ಳಬೇಕೆಂಬುದು ರಾಮನ್ ಹಟ. ಸಂಸ್ಥೆಯ ಸಭೆಯಲ್ಲಿ ಇಂಗ್ಲಿಷ್ ಪ್ರಾಧ್ಯಾಪಕನೊಬ್ಬ ಎದ್ದು, ತನ್ನ ದೇಶದಿಂದ ಹೊರದಬ್ಬಿಸಿಕೊಂಡ ಎರಡನೇ ದರ್ಜೆಯವನು ನಮಗೇಕೆ ಎಂಬರ್ಥದಲ್ಲಿ ಮಾತಾಡಿದ. ಬಾರ್ನ್ ಎಡಿನ್‌ಬರೋಗೆ ಹೋದ. 1954ರಲ್ಲಿ ನೊಬೆಲ್ ಬಂದದ್ದು ಅದೇ ಸಂಭವನೀಯತೆಯ ವ್ಯಾಖ್ಯಾನಕ್ಕೆ. ಕ್ವಾಂಟಂ ಸಿದ್ಧಾಂತದ ಒಂದು ದೊಡ್ಡ ಗುರುಮನೆ ಬೆಂಗಳೂರಿನಲ್ಲಿ ಆಗುವುದು ತಪ್ಪಿದ್ದಕ್ಕೆ ಆ ಸಭೆಯ ಪಾಲು ಎಷ್ಟೆಂದು ಲೆಕ್ಕ ಹಾಕುವವರು ಹಾಕಲಿ.

ಕೊನೆಗೆ ಹಸಿರು ಗೆರೆಯ ಒಗಟು ಬಿಡಿಸಿದವನು ಸ್ವೀಡನ್ನಿನ ಬೆಂಗ್ಟ್ ಎಡ್ಲೆನ್. ನಿರ್ವಾತದಲ್ಲಿ ಭಾರೀ ಕಿಡಿ ಹಾರಿಸಿ ಲೋಹದ ಪರಮಾಣುವಿನಿಂದ ಹತ್ತಾರು ಎಲೆಕ್ಟ್ರಾನ್‌ಗಳನ್ನು ಕಿತ್ತು, ಉಳಿದವುಗಳ ರೋಹಿತ ಅಳೆಯುವುದು ಅವನ ಕಸುಬು. ಕರೋನಾ ಅವನ ತಲೆಯಲ್ಲಿರಲಿಲ್ಲ. 1939ರಲ್ಲಿ ಜರ್ಮನಿಯ ವಾಲ್ಟರ್ ಗ್ರೋಟ್ರಿಯನ್ ಎಡ್ಲೆನ್‌ನ ಅಳತೆಗಳನ್ನು ತಿರುವಿಹಾಕುವಾಗ, ಒಂಬತ್ತು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣದ ಎರಡು ಶಕ್ತಿಮಟ್ಟಗಳ ನಡುವಿನ ಅಂತರವೂ ಕರೋನಾದ 637.4 ನ್ಯಾನೋಮೀಟರಿನ ಕೆಂಪು ಗೆರೆಯೂ ತಾಳೆಯಾಗುವುದು ಕಂಡಿತು. ಸುಳಿವು ಸಿಕ್ಕಿತು. ಎಡ್ಲೆನ್ ಬೆನ್ನುಹತ್ತಿದ. 1941ರಿಂದ 1943ರ ನಡುವೆ, ಮಹಾಯುದ್ಧದ ಮಧ್ಯೆ, ಕರೋನಾದ ಗೆರೆಗಳ ಯಜಮಾನರನ್ನು ಒಬ್ಬೊಬ್ಬರಾಗಿ ಹೆಸರಿಸಿದ. ಹಸಿರು ಗೆರೆ ಹದಿಮೂರು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣದ್ದು. ಯಂಗ್ ಬೇರೆಯ ಗೆರೆಯನ್ನು ನೆಚ್ಚಿ ತಪ್ಪು ದಾರಿಯಲ್ಲಿ ಸರಿಯಾದ ಊರು ಸೇರಿದ್ದ.

ಕಬ್ಬಿಣಕ್ಕೆ ಇಪ್ಪತ್ತಾರು ಎಲೆಕ್ಟ್ರಾನ್. ಒಳಗಿನಿಂದ ಎಣಿಸಿದರೆ 1ಎಸ್‌ನಲ್ಲಿ ಎರಡು, 2ಎಸ್‌ನಲ್ಲಿ ಎರಡು, 2ಪಿಯಲ್ಲಿ ಆರು, 3ಎಸ್‌ನಲ್ಲಿ ಎರಡು, 3ಪಿಯಲ್ಲಿ ಆರು, 3ಡಿಯಲ್ಲಿ ಆರು, 4ಎಸ್‌ನಲ್ಲಿ ಎರಡು. ಹಾನುಬಾಳಿನ ಕಾಫಿ ತೋಟದ ಕೆಂಪು ಮಣ್ಣನ್ನು ಹಿಡಿ ತುಂಬ ತೆಗೆದುಕೊಂಡರೆ ಅದರಲ್ಲಿರುವುದೂ ಇದೇ ಕಬ್ಬಿಣ, ಆಮ್ಲಜನಕದ ಜೊತೆ ಕೂಡಿಕೊಂಡದ್ದು. ಅಲ್ಲಿ ಅದು ಕಳೆದುಕೊಂಡದ್ದು ಮೂರೇ ಎಲೆಕ್ಟ್ರಾನ್: 4ಎಸ್‌ನ ಎರಡೂ, 3ಡಿಯ ಒಂದು. ಉಳಿದ ಐದು 3ಡಿ ಎಲೆಕ್ಟ್ರಾನ್‌ಗಳು ಐದು ಆರ್ಬಿಟಲ್‌ಗಳಲ್ಲಿ ಒಂದೊಂದಾಗಿ, ಎಲ್ಲ ಸ್ಪಿನ್ ಒಂದೇ ದಿಕ್ಕಿಗೆ ಮಾಡಿಕೊಂಡು ಕೂತಿರುತ್ತವೆ. ಅಕ್ಕಪಕ್ಕದ ಆಮ್ಲಜನಕದೊಂದಿಗೆ ಎಲೆಕ್ಟ್ರಾನ್ ಕೊಡುಕೊಳ್ಳುವಿಕೆಯಲ್ಲಿ ಬಿಸಿಲಿನ ನೀಲಿ ಭಾಗ ಖರ್ಚಾಗುವುದರಿಂದ ಮಣ್ಣು ಕೆಂಪಗೆ ಕಾಣುತ್ತದೆ. ಕುದುರೆಮುಖದಲ್ಲಿ ದಶಕಗಳ ಕಾಲ ಗಣಿಗಾರಿಕೆ ನಡೆದದ್ದೂ ಕಬ್ಬಿಣ-ಆಮ್ಲಜನಕದ ಅದಿರಿಗಾಗಿಯೇ.

ಕರೋನಾದಲ್ಲಿ ಸುಲಿಗೆ ಮುಂದುವರಿಯುತ್ತದೆ. 4ಎಸ್ ಖಾಲಿ. 3ಡಿಯ ಆರೂ ಖಾಲಿ. 3ಪಿಯ ಆರರಲ್ಲಿ ಐದು ಮಾಯ. ಉಳಿದದ್ದು ಹದಿಮೂರು ಎಲೆಕ್ಟ್ರಾನ್, ಹೊರಗಡೆ 3ಪಿಯಲ್ಲಿ ಒಂಟಿ ಒಂದು. ಈ ಜೋಡಣೆ ಮಾಮೂಲಿ ಅಲ್ಯೂಮಿನಿಯಂನದೇ. ಅಡುಗೆಮನೆಯ ಪಾತ್ರೆಯ ಪರಮಾಣುವನ್ನು ಬಿಡಿಸಿ ನೋಡಿದರೂ ಅದೇ ಪಟ್ಟಿ. ವ್ಯತ್ಯಾಸ ನಡುವಿನ ನ್ಯೂಕ್ಲಿಯಸ್‌ನಲ್ಲಿ: ಅಲ್ಲಿ ಹದಿಮೂರರ ವಿದ್ಯುದಂಶ, ಇಲ್ಲಿ ಇಪ್ಪತ್ತಾರರದು. ಒಂಟಿ 3ಪಿ ಎಲೆಕ್ಟ್ರಾನಿನ ಸ್ಪಿನ್, ಅದರ ಆರ್ಬಿಟಲ್ ಚಲನೆಯ ದಿಕ್ಕಿಗೆ ಅನುಗುಣವಾಗಿರಬಹುದು ಅಥವಾ ವಿರುದ್ಧವಾಗಿರಬಹುದು. ಎರಡು ಸ್ಥಿತಿಗೂ ಶಕ್ತಿಯಲ್ಲಿ ತುಸು ಅಂತರ. ಅಲ್ಯೂಮಿನಿಯಂನಲ್ಲಿ ಆ ಅಂತರ ಎಷ್ಟು ಕಿರಿದೆಂದರೆ, ಬೆಳಕಾಗಿ ಹೊರಬಂದರೆ ಅಲೆಯುದ್ದ ಸುಮಾರು 89 ಮೈಕ್ರೋಮೀಟರ್, ಕಣ್ಣಿಗೆ ಕಾಣದ ದೂರದ ಅವಕೆಂಪು. ಕಬ್ಬಿಣದ ನ್ಯೂಕ್ಲಿಯಸ್‌ನ ಬಿಗಿ ಹಿಡಿತದಲ್ಲಿ ಅದೇ ಅಂತರ ನೂರಾ ಅರವತ್ತು ಪಟ್ಟಿಗೂ ಮೀರಿ ಹಿಗ್ಗಿ, ಸರಿಯಾಗಿ ಹಸಿರು ಬಣ್ಣಕ್ಕೆ ಬಂದು ನಿಲ್ಲುತ್ತದೆ. ಎಲೆಕ್ಟ್ರಾನ್ ಆರ್ಬಿಟಲ್ ಬದಲಿಸುವುದೇ ಇಲ್ಲ. ಇದ್ದ 3ಪಿಯಲ್ಲೇ ಇದ್ದು ಸ್ಪಿನ್‌ನ ಹೊಂದಾಣಿಕೆಯನ್ನಷ್ಟೇ ಬದಲಿಸುತ್ತದೆ. ಸೋಡಿಯಂನ ‘ಡಿ’ ಗೆರೆ ಒಂದಾಗದೆ ಎರಡಾಗಿರುವುದಕ್ಕೂ ಇದೇ ಸ್ಪಿನ್ ಕಾರಣ.

ಪ್ರಯೋಗಶಾಲೆಯಲ್ಲಿ ಈ ಹಸಿರು ಗೆರೆ ಯಾರ ಕಣ್ಣಿಗೂ ಬೀಳದ್ದಕ್ಕೆ ಕಾರಣವಿದೆ. ಸಾಮಾನ್ಯ ಗೆರೆಗಳಿಗೆ ಎಲೆಕ್ಟ್ರಾನ್ ಸೆಕೆಂಡಿನ ಹತ್ತು ಕೋಟಿಯ ಒಂದು ಪಾಲಿನಷ್ಟು ಹೊತ್ತಿನಲ್ಲಿ ಇಳಿದುಬಿಡುತ್ತದೆ. ಈ ಬದಲಾವಣೆಗೆ ಸೆಕೆಂಡಿನ ಅರವತ್ತರ ಒಂದು ಪಾಲು ಬೇಕು. ಪರಮಾಣುವಿನ ಲೋಕದಲ್ಲಿ ಅದು ಯುಗ. ದಟ್ಟ ಅನಿಲದಲ್ಲಿ ಅಷ್ಟು ಹೊತ್ತಿಗೆ ಪಕ್ಕದ ಕಣಗಳು ಸಾವಿರಾರು ಸಲ ಗುದ್ದಿ ಶಕ್ತಿಯನ್ನು ಕಸಿದಿರುತ್ತವೆ. ಕರೋನಾ ತೀರಾ ವಿರಳ, ಗುದ್ದುವವರು ಕಡಿಮೆ. ಪುಸ್ತಕಗಳು ಇದನ್ನು ‘ನಿಷಿದ್ಧ ಗೆರೆ’ ಎನ್ನುತ್ತವೆ. ನಿಷೇಧವೇನಲ್ಲ, ಪುರುಸೊತ್ತು ಬೇಕು ಅಷ್ಟೆ.

ಎಡ್ಲೆನ್‌ನ ಉತ್ತರ ಇನ್ನೊಂದು ತಲೆನೋವು ತಂದಿತು. ಕಬ್ಬಿಣದ ಮೊದಲ ಎಲೆಕ್ಟ್ರಾನ್ ಕೀಳಲು ಸುಮಾರು 8 ಎಲೆಕ್ಟ್ರಾನ್ ವೋಲ್ಟ್ ಸಾಕು. ಹದಿಮೂರನೆಯದಕ್ಕೆ 361 ಬೇಕು. ಅಂಥ ಬಲದ ಡಿಕ್ಕಿಗಳು ಆಗಬೇಕಾದರೆ ಕರೋನಾದ ತಾಪ ಹತ್ತು, ಇಪ್ಪತ್ತು ಲಕ್ಷ ಡಿಗ್ರಿ ಇರಬೇಕು. ಅದರ ಕೆಳಗಿರುವ ಸೂರ್ಯನ ಮೇಲ್ಮೈಯೋ, ಬರೀ ಐದೂವರೆ ಸಾವಿರ ಡಿಗ್ರಿ ಸೆಲ್ಸಿಯಸ್. ಒಲೆಗಿಂತ ಒಲೆಯ ಮೇಲಿನ ಗಾಳಿ ನೂರಾರು ಪಟ್ಟು ಬಿಸಿ ಎಂದರೆ ಯಾರು ನಂಬುತ್ತಾರೆ? ಆದರೆ ಎಲೆಕ್ಟ್ರಾನ್‌ಗಳ ಲೆಕ್ಕ ತಪ್ಪಿಸಿಕೊಳ್ಳಲು ಬಿಡಲಿಲ್ಲ. ಕೊರೋನಿಯಂ ಸತ್ತಿತು.

ಮುಂದೆ ಕನ್ನಡ ನಾಡಿನ ಮೇಲೆ ಖಗ್ರಾಸದ ನೆರಳು ಬಿದ್ದದ್ದು 1980ರ ಫೆಬ್ರವರಿ 16ರ ಶನಿವಾರ ಮಧ್ಯಾಹ್ನ. ಕಾರವಾರ, ಅಂಕೋಲಾ ಕಡೆಯಿಂದ ಒಳನುಗ್ಗಿ ಹುಬ್ಬಳ್ಳಿ, ಗದಗ, ರಾಯಚೂರು ಹಾದು ಆಂಧ್ರಕ್ಕೆ ದಾಟಿತು. ಜನ ಬಾಗಿಲು ಹಾಕಿಕೊಂಡು ಒಳಗೆ ಕೂತರು, ಬೀದಿಗಳು ಬಿಕೋ ಎಂದವು. ಅಂಗಳದಲ್ಲಿ ನಿಂತವರು ವಿಜ್ಞಾನಿಗಳು. ಈ ಸಲ ಬಂದವರು ಲಂಡನ್ನಿನ ಅಪ್ಪಣೆಯವರಲ್ಲ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ವೈನು ಬಪ್ಪು ಅವರ ತಂಡ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬಿಡಾರ ಹೂಡಿತ್ತು. ಜಗದೇವ್ ಸಿಂಗ್ ಮತ್ತು ಜೊತೆಗಾರರು ಕೆಂಪು ಗೆರೆಯ ಬೆನ್ನುಬಿದ್ದರು. ಗ್ರೋಟ್ರಿಯನ್‌ಗೆ ಸುಳಿವು ಕೊಟ್ಟ ಅದೇ ಗೆರೆ, ಒಂಬತ್ತು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣದ್ದು, 3ಪಿಯಲ್ಲಿ ಐದು ಉಳಿದದ್ದು. ಗದಗಿನಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಹಸಿರು ಗೆರೆಯ ಅಗಲವನ್ನು ಅಳೆದರು. ಗೆರೆ ಎಷ್ಟು ಅಗಲವೋ ಅಯಾನುಗಳ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳ, ಓಡಾಟ ಅಷ್ಟು ಜೋರು. ತಾಪವನ್ನು ಎಲೆಕ್ಟ್ರಾನ್ ಲೆಕ್ಕದ ಹೊರತಾಗಿ ಇನ್ನೊಂದು ದಾರಿಯಿಂದ ತಿಳಿಯುವ ಬಗೆ ಅದು.

ಎರಡೋ ಮೂರೋ ನಿಮಿಷಕ್ಕಾಗಿ ಊರೂರು ಅಲೆಯುವುದು ಜಗದೇವ್ ಸಿಂಗ್‌ಗೆ ಅಲ್ಲಿಗೆ ಮುಗಿಯಲಿಲ್ಲ. 2010ರವರೆಗೆ ಹತ್ತು ಗ್ರಹಣಗಳ ಹಿಂದೆ ಹೋದರು. ಗ್ರಹಣಕ್ಕೆ ಕಾಯದೆ ಆಕಾಶದಲ್ಲೇ ಕೃತಕ ಗ್ರಹಣ ಮಾಡಿಕೊಂಡು ಕರೋನಾವನ್ನು ದಿನವಿಡೀ ನೋಡಬೇಕೆಂಬ ಅವರ ಒತ್ತಾಸೆ ಮುಂದೆ ಸೂರ್ಯನನ್ನು ನೋಡಲು ಭಾರತ ಕಳಿಸಿದ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವಾಯಿತು. 190 ಕಿಲೋ ತೂಕದ ಆ ಉಪಕರಣವನ್ನು ಖಭೌತ ಸಂಸ್ಥೆ ಹೊಸಕೋಟೆಯ ತನ್ನ ಆವರಣದಲ್ಲಿ ಜೋಡಿಸಿತು. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟೆಯಿಂದ ಹಾರಿ, 2024ರ ಜನವರಿ 6ರಂದು ನೌಕೆ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ಜಾಗ ಸೇರಿತು.

ಅದರ ರೋಹಿತದರ್ಶಕಕ್ಕೆ ಆರಿಸಿಕೊಂಡ ಗೆರೆಗಳು ಮೂರು: 530.3, 789.2 ಮತ್ತು 1074.7 ನ್ಯಾನೋಮೀಟರ್. ಮೂರೂ ಕಬ್ಬಿಣದವೇ. ಮೊದಲನೆಯದು ಬೇಕಲದಲ್ಲಿ ಬಳೆಯಾಗಿ ಕಂಡ ಹಸಿರು, 3ಪಿಯಲ್ಲಿ ಒಂದೇ ಎಲೆಕ್ಟ್ರಾನ್ ಉಳಿದ ಅಯಾನಿನದು. ಎರಡನೆಯದರಲ್ಲಿ ಹತ್ತು ಎಲೆಕ್ಟ್ರಾನ್ ಹೋಗಿ 3ಪಿಯಲ್ಲಿ ನಾಲ್ಕು ಉಳಿದಿವೆ; ಮೂರನೆಯದರಲ್ಲಿ ಹನ್ನೆರಡು ಹೋಗಿ ಎರಡು. ತಾಪ ಏರಿದಂತೆ ಒಂದು ಮಂಕಾಗಿ ಇನ್ನೊಂದು ಬೆಳಗುವುದರಿಂದ, ಮೂರನ್ನೂ ಒಟ್ಟಿಗೆ ನೋಡಿದರೆ ಕರೋನಾದ ಯಾವ ಮೂಲೆ ಎಷ್ಟು ಕಾದಿದೆ ಎಂದು ತಿಳಿಯುತ್ತದೆ. ಅಷ್ಟು ಕಾಯುವುದೇಕೆ ಎಂಬ ಎಡ್ಲೆನ್ ಕಾಲದ ಪ್ರಶ್ನೆಗೆ ಕಾಂತಕ್ಷೇತ್ರದ ಅಲೆಗಳೇ ಕಾರಣ ಎನ್ನುವ ಪಕ್ಷವೊಂದು, ಎಣಿಸಲಾಗದ ಪುಟ್ಟ ಸ್ಫೋಟಗಳು ಎನ್ನುವ ಪಕ್ಷ ಇನ್ನೊಂದು; ತೀರ್ಮಾನ ಇನ್ನೂ ಬಾಕಿ. ನೌಕೆ ಕಳಿಸುವ ಅಳತೆಗಳು ಬಿಡದಿ ಬಳಿಯ ಬ್ಯಾಲಾಳಿನ 32 ಮೀಟರ್ ಅಗಲದ ಆಂಟೆನಾಕ್ಕೆ ಬಂದು ಇಳಿಯುತ್ತಿವೆ.